ಹಳದಿ ಹೋಯಿತು, ಆದರೆ ಜಿಪಿಸಿಯಲ್ಲಿ (ಪಾಲಿಮರ್ ಅಣುಗಳ ತೂಕ ನೋಡುವ ಪರೀಕ್ಷೆ) ಇನ್ನೊಂದು ಪೀಕ್ ಬಂತು. ಏನು ತಪ್ಪಾಯಿತು?

ಪ್ರಶ್ನೆ (ಪಿಎಚ್‌ಡಿ ಎರಡನೇ ವರ್ಷ)

ನಮಸ್ಕಾರ. ರಾಫ್ಟ್ ವಿಧಾನದಲ್ಲಿ (ಸರಪಳಿಯ ಉದ್ದ ಹಿಡಿತದಲ್ಲಿಟ್ಟು ಪಾಲಿಮರ್ ಬೆಳೆಸುವ ಬಗೆ) ಪಿನಿಪಾಮ್ ಎಂಬ ಪಾಲಿಮರ್ ಮಾಡಿದ್ದೇನೆ, ಅಣುತೂಕ ಸುಮಾರು 5,000. ಸರಪಳಿಯ ಒಂದು ತುದಿಯಲ್ಲಿ ಕಾರ್ಬಾಕ್ಸಿಲಿಕ್ ಆಮ್ಲ, ಇನ್ನೊಂದರಲ್ಲಿ ರಾಫ್ಟ್‌ನಿಂದ ಉಳಿದ, ಗಂಧಕವಿರುವ ಟ್ರೈಥಯೋಕಾರ್ಬೊನೇಟ್ ಗುಂಪು. ಅದಕ್ಕೇ ಪುಡಿ ತಿಳಿ ಹಳದಿ. ಆ ತುದಿಯನ್ನು ಥಯಾಲ್ (–SH ಗುಂಪು) ಮಾಡಿ, ಥಯಾಲ್‌ಗೆ ಅಂಟುವ ಮಲೀಮೈಡ್ ಗುಂಪು ಇರುವ ಡೈ ಕೂಡಿಸಬೇಕಿತ್ತು. ಟಿಎಚ್‌ಎಫ್ ದ್ರಾವಕದಲ್ಲಿ ಕರಗಿಸಿ, ಆ ಗುಂಪನ್ನು ಕತ್ತರಿಸಲು 10 ಪಟ್ಟು ಹೆಕ್ಸೈಲಮೀನ್ (ಒಂದು ಅಮೀನ್) ಹಾಕಿದೆ. ಎರಡು ಗಂಟೆಯಲ್ಲಿ ಬಣ್ಣ ಹೋಯಿತು, ಯುವಿಯಲ್ಲಿ 310 ನ್ಯಾನೊಮೀಟರ್ ಹತ್ತಿರದ ಪೀಕ್ ಕೂಡ ಇಲ್ಲ. ಈಥರ್‌ಗೆ ಸುರಿದು ಪುಡಿ ಇಳಿಸಿದೆ, ಸೋಸಿ ರಾತ್ರಿಯಿಡೀ ಒಣಗಲು ಬಿಟ್ಟೆ. ಮಾರನೇ ದಿನ ಡೈ ಹಾಕಿದರೆ ಅರ್ಧಕ್ಕೂ ಹತ್ತಿಲ್ಲ. ಜಿಪಿಸಿಯಲ್ಲಿ ಎರಡರಷ್ಟು ತೂಕದ ಕಡೆ ಇನ್ನೊಂದು ಪೀಕ್ ಇದೆ. ಡೈ ತುಂಬಾ ದುಬಾರಿ. ಈ ಪುಡಿ ಬಿಸಾಡಬೇಕಾ?

ಉತ್ತರ 1

ಬಿಸಾಡಬೇಡಿ! ನಾನೂ ಇದೇ ಪೀಕ್ ನೋಡಿ ಒಂದು ತಿಂಗಳು ಕಳೆದಿದ್ದೇನೆ.

ಬಣ್ಣ ಹೋದರೆ ಟ್ರೈಥಯೋಕಾರ್ಬೊನೇಟ್ ಹೋಗಿದೆ ಎಂದಷ್ಟೇ ಅರ್ಥ. ಥಯಾಲ್ ಉಳಿದಿದೆ ಎಂದಲ್ಲ. ಅಮೀನ್ ಇರುವ ದ್ರಾವಣ ಕ್ಷಾರೀಯ, ಅಲ್ವಾ? ಅಲ್ಲಿ ಥಯಾಲ್ ಪ್ರೋಟಾನ್ ಬಿಟ್ಟು ಥಯೋಲೇಟ್ ಆಗುತ್ತದೆ. ಗಾಳಿಯ ಆಕ್ಸಿಜನ್ ಸಿಕ್ಕರೆ ಎರಡು ಸರಪಳಿ ತುದಿಗೆ ತುದಿ ಕೂಡಿ ಡೈಸಲ್ಫೈಡ್ (ಗಂಧಕ–ಗಂಧಕ ಬಂಧ). ನಿಮ್ಮ ಎರಡನೇ ಪೀಕ್ ಅದೇ.

ಇದನ್ನು ಬಿಡಿಸಬಹುದು. ಪುಡಿಯನ್ನು ಐಸ್‌ನಲ್ಲಿಟ್ಟ ನೀರಿನಲ್ಲಿ ಕರಗಿಸಿ, ಅರ್ಧ ಗಂಟೆ ನೈಟ್ರೋಜನ್ ಬಿಡಿ, ಟಿಸಿಇಪಿ ಎಂಬ ಅಪಕರ್ಷಣಕಾರಿ ಹಾಕಿ. ಡೈಸಲ್ಫೈಡ್ ಮುರಿಯುತ್ತದೆ. ಆದರೆ ಟಿಸಿಇಪಿ ಉಳಿದರೆ ಅದು ನಿಮ್ಮ ಮಲೀಮೈಡನ್ನೂ ತಿನ್ನುತ್ತದೆ, ಅದನ್ನು ತೆಗೆಯಲೇಬೇಕು. ಇಲ್ಲಿ ಪಿನಿಪಾಮ್ ನಿಮಗೆ ದೊಡ್ಡ ಉಪಕಾರ ಮಾಡುತ್ತದೆ: ಸುಮಾರು 32 ಡಿಗ್ರಿ ದಾಟಿದರೆ ಅದು ನೀರಿನಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಆಮ್ಲ ಹಾಕಿ, 45 ಡಿಗ್ರಿಗೆ ಬಿಸಿ ಮಾಡಿ, ಬಿಸಿಯಲ್ಲೇ ಸೆಂಟ್ರಿಫ್ಯೂಜ್ ಮಾಡಿ. ಪಾಲಿಮರ್ ಕೆಳಗೆ, ಟಿಸಿಇಪಿ ಮೇಲಿನ ನೀರಿನಲ್ಲಿ. ಆಮ್ಲದಿಂದ ಎರಡು ಲಾಭ. ಆ ಕಡೆ ತುದಿಯ ಕಾರ್ಬಾಕ್ಸಿಲಿಕ್ ಆಮ್ಲ ಅಯಾನ್ ಆಗದೆ ಪಾಲಿಮರ್ ಸರಿಯಾಗಿ ಇಳಿಯುತ್ತದೆ, ಥಯಾಲ್ ಕೂಡ ಬೇಗ ಕೆಡುವುದಿಲ್ಲ. ಆಮೇಲೆ ಒಣಗಿಸಲು ಹೋಗಬೇಡಿ. ತಕ್ಷಣ ನೈಟ್ರೋಜನ್ ಬಿಟ್ಟ ತಣ್ಣನೆಯ ಬಫರ್‌ನಲ್ಲಿ, ಪಿಎಚ್ 7ರ ಆಸುಪಾಸು, ಡೈ ಸೇರಿಸಿ.

ಡೈ ಹಾಕುವ ಮೊದಲು ಒಂದು ಚಿಟಿಕೆ ತೆಗೆದು ಎಲ್ಮನ್ ಪರೀಕ್ಷೆ ಮಾಡಿ. ಥಯಾಲ್ ಇದ್ದರೆ 412 ನ್ಯಾನೊಮೀಟರ್‌ನಲ್ಲಿ ಹಳದಿ ಬರುತ್ತದೆ. ಎನ್‌ಎಂಆರ್ ಒಂದನ್ನೇ ನಂಬಬೇಡಿ. 5,000 ತೂಕ ಅಂದರೆ 40ಕ್ಕೂ ಹೆಚ್ಚು ಘಟಕಗಳ ನಡುವೆ ಒಂದೇ ಒಂದು ತುದಿ, ಅದರ ಪೀಕ್ ಅಲ್ಲಿ ಕಾಣುವುದೇ ಕಷ್ಟ.

ಉತ್ತರ 2

ಮೇಲಿನದಕ್ಕೆ ಒಂದು ಮಾತು. ಮುಂದಿನ ಬ್ಯಾಚ್‌ನಲ್ಲಿ ಅಮೀನ್ ಹಾಕುವ ಮುಂಚೆಯೇ ನೈಟ್ರೋಜನ್ ಬಿಡಿ, ಡೈಸಲ್ಫೈಡ್ ಆಗದಂತೆ ಒಂದು ಚೂರು ಟ್ರೈಬ್ಯುಟೈಲ್ ಫಾಸ್ಫೀನ್ ಜೊತೆಗಿರಲಿ. ಅದೇ ಫ್ಲಾಸ್ಕ್‌ಗೆ ಡೈ ಹಾಕಬೇಡಿ, ಉಳಿದ ಹೆಕ್ಸೈಲಮೀನ್ ಕೂಡ ಮಲೀಮೈಡ್‌ಗೆ ಸೇರಿಕೊಳ್ಳುತ್ತದೆ. ಪಿಎಂಎಂಎ (ಎಸ್ಟರ್ ಗುಂಪುಗಳಿರುವ ಇನ್ನೊಂದು ಪಾಲಿಮರ್) ಮಾಡುವವರಿಗೆ ಬೇರೆ ಕಷ್ಟವಿದೆ: ಥಯಾಲ್ ತಿರುಗಿ ಪಕ್ಕದ ಎಸ್ಟರ್‌ಗೇ ಅಂಟಿ ಥಯೋಲ್ಯಾಕ್ಟೋನ್ ಎಂಬ ಉಂಗುರ ಆಗಬಹುದು. ಬಣ್ಣ ಮಾತ್ರ ಹೋದರೆ ಸಾಕು ಎನ್ನುವವರಿಗೆ ಥಯಾಲ್ ಯಾಕೆ? 20 ಪಟ್ಟು ಎಐಬಿಎನ್ (ಬಿಸಿಗೆ ಒಡೆದು ರಾಡಿಕಲ್ ಕೊಡುವ ವಸ್ತು) ಹಾಕಿ 80 ಡಿಗ್ರಿಯಲ್ಲಿಟ್ಟರೆ ಆಯಿತು.

ಪ್ರಶ್ನೆ ಕೇಳಿದವರು

ಸರ್, ತುಂಬಾ ಥ್ಯಾಂಕ್ಸ್. ಆ ರಾತ್ರಿ ಓವನ್‌ನಲ್ಲಿ ವ್ಯಾಕ್ಯೂಮ್ ಕೂಡ ಹಾಕಿರಲಿಲ್ಲ. ಪುಡಿ 300 ಮಿಲಿಗ್ರಾಂ ಉಳಿದಿದೆ. ಸೋಮವಾರ ಮೊದಲು 50 ಮಿಲಿಗ್ರಾಂನಲ್ಲಿ ಟಿಸಿಇಪಿ ಮಾಡಿ, ಜಿಪಿಸಿ ಹಾಕುತ್ತೇನೆ.