ಫ್ರಾಂಕ್ಲಿನ್ಸ್, ಗ್ರೇಸ್ ಬ್ರದರ್ಸ್, ಡಿಕ್ ಸ್ಮಿತ್: ನಿಮ್ಮ ಮೊದಲ ವರ್ಷದ ಅಂಗಡಿ ಯಾವುದು?

ವೆಂಟ್‌ವರ್ತ್‌ವಿಲ್, ಸಿಡ್ನಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದ ದೀಪಾವಳಿ ಸಂಚಿಕೆಗೆ ಒಂದು ಬರಹ ಮಾಡುತ್ತಿದ್ದೇನೆ. ಆಸ್ಟ್ರೇಲಿಯಾದಲ್ಲಿ ಈಗ ಇಲ್ಲದ ಅಂಗಡಿಗಳ ಬಗ್ಗೆ. ದೇವಸ್ಥಾನ ಕಟ್ಟಿದ್ದು, ಕನ್ನಡ ಶಾಲೆ ಶುರುವಾಗಿದ್ದು ಎಲ್ಲ ಆಗಲೇ ಬರೆದಾಗಿದೆ. ನಾವು ಪಾತ್ರೆ, ಹೊದಿಕೆ, ಬೇಳೆ ಹೊಂದಿಸಿಕೊಂಡು ಸಂಸಾರ ಹೂಡಿದ್ದು ಯಾವ ಅಂಗಡಿಗಳಲ್ಲಿ ಅಂತ ಯಾರೂ ಬರೆದಿಟ್ಟಿಲ್ಲ. ನನಗೆ ಅದೂ ನಮ್ಮ ಚರಿತ್ರೆಯೇ.

ನಾನು 1997ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ನನ್ನ ಅಂಗಡಿ ಫ್ರಾಂಕ್ಲಿನ್ಸ್. ಆಗ ಸಿಡ್ನಿಯಲ್ಲಿ ಎಲ್ಲಿ ನೋಡಿದರೂ ಅದು ಇತ್ತು. ‘ನೋ ಫ್ರಿಲ್ಸ್’ ಅನ್ನೋದು ಅವರದೇ ಬ್ರ್ಯಾಂಡು, 1978ರಲ್ಲಿ ಶುರುವಾದದ್ದು. ಬೆಡಗಿಲ್ಲದ ಪ್ಯಾಕೆಟ್, ಕಡಿಮೆ ಬೆಲೆ. ಹಳೇ ಫ್ರಾಂಕ್ಲಿನ್ಸ್‌ಗಳಲ್ಲಿ ತರಕಾರಿಯೂ ಸಿಗುತ್ತಿರಲಿಲ್ಲ, ಬರೀ ದಿನಸಿ. ತರಕಾರಿಗೆ ಪಕ್ಕದ ಹಣ್ಣಿನಂಗಡಿಗೆ ಹೋಗಬೇಕಿತ್ತು.

ಕಾರು ಇರಲಿಲ್ಲ. ಇಂಡಿಯನ್ ಅಂಗಡಿಗೆ ಹೋಗಬೇಕಾದರೆ ರೈಲು ಹತ್ತಬೇಕು. ಹಾಗಾಗಿ ಸಿಕ್ಕಿದ್ದರಲ್ಲೇ ಅಡುಗೆ. ತೊಗರಿಬೇಳೆ ಬದಲು ಮೆಕೆಂಜೀಸ್ ಕಂಪನಿಯ ಹಳದಿ ಬಟಾಣಿ ಬೇಳೆ. ಅದಕ್ಕೆ ತೊಗರಿಯ ಘಮ ಇಲ್ಲ, ಆದರೆ ಹುಣಸೆಹಣ್ಣು, ಊರಿಂದ ತಂದ ಸಾರಿನಪುಡಿ ಬಿದ್ದರೆ ಅನ್ನಕ್ಕೆ ಹೊಂದುತ್ತೆ. ಇಲ್ಲಿಯ ಸೆಮೊಲಿನಾ ಚಿರೋಟಿ ರವೆಯಷ್ಟು ಸಣ್ಣ. ನಮ್ಮೂರಿನ ಅಳತೆಗೆ ನೀರು ಹಾಕಿದರೆ ಉಪ್ಪಿಟ್ಟು ಅಂಟಂಟು. ಚೆನ್ನಾಗಿ ಹುರಿದು, ನೀರು ಕಮ್ಮಿ ಮಾಡಿ, ಉರಿ ಆರಿಸಿ ಮುಚ್ಚಿಟ್ಟರೆ ಉದುರುದುರಾಗಿ ಬರುತ್ತೆ. ಈ ಅಡುಗೆ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಫ್ರಾಂಕ್ಲಿನ್ಸ್‌ನ ಸಾಲುಗಳ ಮಧ್ಯೆ ಒಬ್ಬಳೇ ಪ್ಯಾಕೆಟ್ ಹಿಂದುಮುಂದು ತಿರುಗಿಸಿ ಕಲಿತಿದ್ದು.

2001ರಲ್ಲಿ ಅದರ ಹಾಂಗ್‌ಕಾಂಗ್ ಮಾಲೀಕರು ಅಂಗಡಿಗಳನ್ನು ಬಿಡಿಬಿಡಿಯಾಗಿ ಮಾರಿದರು. ಒಂದಷ್ಟನ್ನು ದಕ್ಷಿಣ ಆಫ್ರಿಕಾದ ಪಿಕ್ ಎನ್ ಪೇ ತಗೊಂಡು ನಡೆಸಿತು. ಆಮೇಲೆ ಮೆಟ್‌ಕ್ಯಾಶ್ ಅನ್ನೋ ಸಗಟು ದಿನಸಿ ಕಂಪನಿ ಕೈಗೆ ಹೋಯಿತು. 2015ರ ಹೊತ್ತಿಗೆ ಹೆಸರೇ ಇಲ್ಲ. ಅದೇ ವರ್ಷ, 2001ರಲ್ಲೇ, ಸಿಡ್ನಿಗೆ ಜರ್ಮನಿಯ ಸೂಪರ್ ಮಾರ್ಕೆಟ್ ಆಲ್ಡಿ ಬಂದಿತ್ತು. ಕಮ್ಮಿ ಬೆಲೆಯ ಸ್ವಂತ ಬ್ರ್ಯಾಂಡು ಅಂದರೆ ಈಗ ಎಲ್ಲರಿಗೂ ಅದೇ ನೆನಪಾಗೋದು.

ಗ್ರೇಸ್ ಬ್ರದರ್ಸ್‌ದು ಇನ್ನೊಂದು ಕಥೆ. 1885ರಲ್ಲಿ ಅಣ್ಣತಮ್ಮಂದಿರು ಶುರು ಮಾಡಿದ, ಬಟ್ಟೆ, ಮನೆಸಾಮಾನು ಎಲ್ಲ ಸಿಗುವ ದೊಡ್ಡ ಅಂಗಡಿ. 1983ರಲ್ಲೇ ಅಂಥದ್ದೇ ಇನ್ನೊಂದು ಕಂಪನಿ ಮೈಯರ್ ಕೊಂಡುಕೊಂಡಿತ್ತು, ಆದರೆ 2004ರವರೆಗೂ ಹಳೇ ಬೋರ್ಡೇ ಇತ್ತು. ನಮ್ಮ ಮೊದಲ ಚಳಿಗಾಲದ ರಜಾಯಿ ಪ್ಯಾರಮಟ್ಟಾದ ಗ್ರೇಸ್ ಬ್ರದರ್ಸ್ ಸೇಲ್‌ನದು.

ನಿಮ್ಮದು ಯಾವ ಅಂಗಡಿ? ಅಲ್ಲಿ ಏನು ಕೊಂಡಿರಿ? ಸುಮ್ನೆ ಹೆಸರು ಹೇಳಬೇಡಿ, ವಿವರವಾಗಿ ಬರೆಯಿರಿ.

ಬ್ರಿಸ್ಬೇನ್‌ನಿಂದ

ಮೇಡಂ, ಒಳ್ಳೇ ವಿಷಯ. ನಂದು ಡಿಕ್ ಸ್ಮಿತ್. ಬೆಂಗಳೂರಲ್ಲಿ ಎಸ್.ಪಿ. ರೋಡ್ ಸುತ್ತಿ ಬೆಳೆದವನು ನಾನು. ಇಲ್ಲಿ ಮಾಲ್ ಒಳಗೇ ರೆಸಿಸ್ಟರು, ಕೆಪ್ಯಾಸಿಟರು ನೇತುಹಾಕಿದ್ದು ನೋಡಿ ಬಹಳ ಖುಷಿಯಾಗಿತ್ತು. ಅವರ ಕ್ಯಾಟಲಾಗ್ ಕೊನೆಯಲ್ಲಿ ಬಿಡಿಭಾಗಗಳ ಮಾಹಿತಿ ಪುಟಗಳು ಇರುತ್ತಿದ್ದವು. ಅದನ್ನು ಪಠ್ಯಪುಸ್ತಕ ಓದಿದ ಹಾಗೆ ಓದುತ್ತಿದ್ದೆ.

1968ರಲ್ಲಿ ಸಿಡ್ನಿಯ ನ್ಯೂಟ್ರಲ್ ಬೇಯಲ್ಲಿ ಕಾರ್ ರೇಡಿಯೋ ಹಾಕಿಕೊಡುವ ಪುಟ್ಟ ಅಂಗಡಿಯಾಗಿ ಶುರುವಾಗಿದ್ದು ಅದು. 1980ರ ದಶಕದ ಆರಂಭದಲ್ಲಿ ಸೂಪರ್ ಮಾರ್ಕೆಟ್ ಕಂಪನಿ ವೂಲ್‌ವರ್ತ್ಸ್‌ಗೆ ಹೋಯಿತು. ಬರ್ತಾ ಬರ್ತಾ ಬಿಡಿಭಾಗ ಹೋಗಿ ಟಿವಿ, ಫೋನ್ ಜಾಸ್ತಿ ಆಯಿತು. 2016ರಲ್ಲಿ ಅಂಗಡಿಗಳೆಲ್ಲ ಮುಚ್ಚಿದವು. ಅದಕ್ಕೂ ಎಷ್ಟೋ ಮುಂಚೆಯೇ, ಬಿಡಿಭಾಗ ತೆಗೆದಾಗಲೇ, ನನ್ನ ಪಾಲಿಗೆ ಅದು ಮುಚ್ಚಿತ್ತು. ಈಗ ಮಗಳ ಪ್ರಾಜೆಕ್ಟಿಗೆ ಬೇಕಾದ್ದೆಲ್ಲ ಜೇಕಾರ್ ಅನ್ನೋ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ. ಅದಾದರೂ ಉಳಿಯಲಿ.

ಮೆಲ್ಬರ್ನ್‌ನಿಂದ

ಅಕ್ಕಾ, ನಮ್ಮಲ್ಲಿ ಸೇಫ್‌ವೇ ಸೂಪರ್ ಮಾರ್ಕೆಟ್. ಅಮೆರಿಕದ ಕಂಪನಿ 1963ರಲ್ಲಿ ಇಲ್ಲಿಗೆ ಬಂತು. 1985ರಲ್ಲಿ ವೂಲ್‌ವರ್ತ್ಸ್ ಕೊಂಡರೂ ವಿಕ್ಟೋರಿಯಾದಲ್ಲಿ ಆ ಹೆಸರು ಬಿಡಲಿಲ್ಲ. 2008ರಲ್ಲಿ ಹೊಸ ಹಸಿರು ಲೋಗೋ ಬಂದ ಮೇಲೆ ಒಂದೊಂದೇ ಬೋರ್ಡು ಬದಲಾಯಿತು. ಒಳಗೆ ಅದೇ ಸಾಮಾನು, ಅದೇ ಕೌಂಟರು. ಹಾಗಾಗಿ ನಿಜ ಹೇಳಬೇಕೆಂದರೆ ನನಗೆ ಅಷ್ಟೇನೂ ಬೇಜಾರಾಗಲಿಲ್ಲ.

ನನಗೆ ಬೇಜಾರಾಗೋದು ಮಿಲ್ಕ್ ಬಾರ್‌ಗಳ ಬಗ್ಗೆ. ಬೀದಿ ಮೂಲೆಯಲ್ಲಿ ಹಾಲು, ಬ್ರೆಡ್ಡು, ಪೇಪರು, ಗಾಜಿನ ಕೌಂಟರ್ ಹಿಂದೆ ಮಿಠಾಯಿ. ನಮ್ಮ ಬೀದಿಯದನ್ನು ಗ್ರೀಕ್ ದಂಪತಿ ನಡೆಸುತ್ತಿದ್ದರು. ಅಮ್ಮ ಊರಿಂದ ಬಂದಿದ್ದಾಗ ಇಂಗ್ಲಿಷ್ ಬರದಿದ್ದರೂ ಅಲ್ಲಿಗೆ ಒಬ್ಬರೇ ಹೋಗಿ ಹಾಲು ತರುತ್ತಿದ್ದರು. ಆ ಗ್ರೀಕ್ ಅಜ್ಜಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಇಬ್ಬರೂ ಕೈಸನ್ನೆಯಲ್ಲೇ ಮೊಮ್ಮಕ್ಕಳ ಸುದ್ದಿ ಮಾತಾಡುತ್ತಿದ್ದರು. ಸೂಪರ್ ಮಾರ್ಕೆಟ್‌ನ ಸೆಲ್ಫ್ ಚೆಕೌಟ್ ಮುಂದೆ ನಮ್ಮಮ್ಮ ಒಬ್ಬರೇ ನಿಲ್ಲೋದು ಸಾಧ್ಯವೇ ಇಲ್ಲ.

ಪರ್ತ್‌ನಿಂದ

ಕ್ಷಮಿಸಿ, ನಾನು ಸ್ವಲ್ಪ ಬೇರೆ ರಾಗ ಹಾಡ್ತೀನಿ. ಹಳೇ ಕಾಲ ಅಷ್ಟೇನೂ ಸುಖ ಇರಲಿಲ್ಲ. ಇಲ್ಲಿ ಸಿಟಿ, ಫ್ರಿಮ್ಯಾಂಟಲ್ ಬಿಟ್ಟರೆ ದೊಡ್ಡ ಸೂಪರ್ ಮಾರ್ಕೆಟ್‌ಗಳು ಭಾನುವಾರ ಬಾಗಿಲು ಹಾಕುತ್ತಿದ್ದವು. 2012ರ ಆಗಸ್ಟ್‌ನಲ್ಲಷ್ಟೇ ಅದು ಬದಲಾಗಿದ್ದು. 2010ರವರೆಗೆ ವಾರದ ದಿನಗಳಲ್ಲೂ ರಾತ್ರಿ ವ್ಯಾಪಾರ ಅಂದರೆ ಗುರುವಾರ ಮಾತ್ರ. ಗಂಡ ಹೆಂಡತಿ ಇಬ್ಬರಿಗೂ ಶಿಫ್ಟ್ ಕೆಲಸ. ಶನಿವಾರ ತಪ್ಪಿದರೆ ಮಗುವಿನ ಡಯಾಪರಿಗೂ ಪರದಾಟ. ಈಗ ತೊಗರಿಬೇಳೆ, ಆಟಾ ಎಲ್ಲ ಕೋಲ್ಸ್‌ನಲ್ಲೇ ಸಿಗುತ್ತೆ. ನಿಮ್ಮ ಬರಹದಲ್ಲಿ ಇದೂ ಬರಲಿ.

ವೆಂಟ್‌ವರ್ತ್‌ವಿಲ್‌ನಿಂದ ಮತ್ತೆ

ಪರ್ತ್‌ನವರೇ, ಖಂಡಿತ ಬರುತ್ತೆ. ನೀವು ಹೇಳಿದ್ದು ಸರಿ, ಆ ಪರದಾಟ ಬಿಟ್ಟು ಬರೆದರೆ ಅದು ಸುಳ್ಳಾಗುತ್ತೆ. ಆದರೂ ಒಂದು ಮಾತು. ನನಗೆ ಬಟಾಣಿ ಬೇಳೆ ಸಾರು ಮತ್ತೆ ಬೇಕು ಅಂತಲ್ಲ. ಆ ಅಂಗಡಿಯಲ್ಲಿ ಬಿಲ್ ಮಾಡುತ್ತಿದ್ದ ಹೆಂಗಸು ನಾನು ಬಸುರಿ ಅಂತ ಗೊತ್ತಾದ ಮೇಲೆ ಚೀಲಗಳನ್ನು ಚಿಕ್ಕಚಿಕ್ಕದಾಗಿ ತುಂಬಿಕೊಡುತ್ತಿದ್ದರು, ನಡೆದು ಹೋಗುವಾಗ ಎರಡೂ ಕೈಗೆ ಸಮ ಭಾರ ಇರಲಿ ಅಂತ. ಅಂಗಡಿ ಮುಚ್ಚಿದ ಮೇಲೆ ಅವರು ಎಲ್ಲಿಗೆ ಹೋದರೋ ತಿಳಿಯಲೇ ಇಲ್ಲ.

ಮೆಲ್ಬರ್ನ್ ತಂಗೀ, ನಿನ್ನ ಅಮ್ಮ ಮತ್ತು ಗ್ರೀಕ್ ಅಜ್ಜಿಯ ವಿಷಯ ಸಂಚಿಕೆಯಲ್ಲಿ ಹಾಕಲೇಬೇಕು. ಎರಡು ಪುಟ ಬರೆದು ಕಳಿಸ್ತೀಯಾ? ಯಾರ ಹತ್ತಿರವಾದರೂ ಹಳೇ ಬಿಲ್ಲು, ಕ್ಯಾಟಲಾಗ್, ಫ್ರಾಂಕ್ಲಿನ್ಸ್ ಚೀಲ ಇದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ. ಆಲ್ಬಮ್‌ನ ಬರ್ತ್‌ಡೇ ಫೋಟೋಗಳಲ್ಲಿ ಹಿಂದುಗಡೆ ಕಾಣುವ ಅಡುಗೆಮನೆ ಕಟ್ಟೆಯನ್ನೂ ಸ್ವಲ್ಪ ನೋಡಿ. ನನಗೆ ಒಂದು ನೋ ಫ್ರಿಲ್ಸ್ ಸಕ್ಕರೆ ಪ್ಯಾಕೆಟ್ ಅಲ್ಲೇ ಸಿಕ್ಕಿತು.