ಫಾರ್ಚುನರ್ ಹಿಂದಿನ ಆರ್ಮ್: ಕಂಪನಿಯದ್ದೇ ಸಾಕಾ, ಅಡ್ಜಸ್ಟೆಬಲ್ ಸೆಟ್ ಬೇಕಾ?

ಪೆರ್ಲದ ಭಟ್ರು
2012ರ ಫಾರ್ಚುನರ್, ಮ್ಯಾನುವಲ್, 1,60,000 ಕಿ.ಮೀ. ಓಡಿದ್ದು. ಹಿಂದೆ 50 ಮಿ.ಮೀ. ಎತ್ತರಿಸುವ ಸ್ಪ್ರಿಂಗ್ ಹಾಕಿ ಎಂಟು ತಿಂಗಳು. ಈಗ ಫಸ್ಟ್‌ನಿಂದ ರಿವರ್ಸ್‌ಗೆ ಹಾಕಿ ಕ್ಲಚ್ ಬಿಡುವಾಗ, ಹಂಪ್ ಇಳಿಯುವಾಗ ಹಿಂದಿನಿಂದ ‘ಠಕ್’. ಹಿಂದಿನ ಆಕ್ಸಲನ್ನು ಚಾಸಿಗೆ ಸೇರಿಸುವ ನಾಲ್ಕು ಆರ್ಮ್‌ಗಳಲ್ಲಿ ಕೆಳಗಿನ ಎರಡರ ರಬ್ಬರ್ ಬುಷ್ ಎರಡೂ ಬದಿ ಸೀಳಿದೆ. ಓಡಾಟ ಪೆರ್ಲ–ಬದಿಯಡ್ಕ ರಸ್ತೆ ಮತ್ತು ತೋಟದ ಮುರಕಲ್ಲು (ಜಂಬಿಟ್ಟಿಗೆ) ದಾರಿ, ಹಲವು ಸಲ ಅಡಿಕೆ ಗೋಣಿ ಹೇರಿಕೊಂಡು. ಪಾಲಿಯುರೆಥೇನ್ (ಗಟ್ಟಿ ಪ್ಲಾಸ್ಟಿಕ್) ಬುಷ್‌ನ, ಉದ್ದ ಹೊಂದಿಸಬಹುದಾದ ಅಡ್ಜಸ್ಟೆಬಲ್ ಸೆಟ್ ಹಾಕುವುದಾ, ಕಂಪನಿ ಆರ್ಮ್ ಸಾಕಾ?

ಕುಂಬಳೆ ಸ್ಪ್ಯಾನರ್
ಭಟ್ರೇ, ಸ್ಪ್ರಿಂಗ್ ಹಾಕಿದ ದಿನ ಆರ್ಮ್‌ಗಳ ಬೋಲ್ಟ್, ಲ್ಯಾಟರಲ್ ರಾಡ್‌ನ (ಆಕ್ಸಲ್ ಬದಿಗೆ ಸರಿಯದ ಹಾಗೆ ಹಿಡಿಯುವ ಅಡ್ಡ ರಾಡ್) ಬೋಲ್ಟ್ ಎಲ್ಲ ಸಡಿಲಿಸಿ, ಗಾಡಿ ನೆಲಕ್ಕೆ ಇಳಿದ ಮೇಲೆ ಪುನಃ ಬಿಗಿ ಮಾಡಿದ್ದಾರಾ? ಬುಷ್ ಬೇರಿಂಗ್ ಹಾಗೆ ತಿರುಗುವ ವಸ್ತು ಅಲ್ಲ. ಒಳಗಿನ ಉಕ್ಕಿನ ಕೊಳವೆಯನ್ನು ಬೋಲ್ಟ್ ಬ್ರಾಕೆಟ್‌ಗೆ ಕಚ್ಚಿಸಿ ಹಿಡಿಯುತ್ತದೆ, ಹೊರಗಿನದ್ದು ಆರ್ಮ್‌ನಲ್ಲಿ ಬಿಗಿಯಾಗಿ ಕೂತಿರುತ್ತದೆ, ತಿರುಚಿಕೊಳ್ಳುವುದು ನಡುವಿನ ರಬ್ಬರ್ ಮಾತ್ರ. ಅರ್ಧ ಮೀಟರ್ ಆರ್ಮ್ ಅಂತ ಇಟ್ಟುಕೊಂಡರೆ 50 ಮಿ.ಮೀ. ಎತ್ತರಕ್ಕೆ ಹತ್ತಿರ ಹತ್ತಿರ 6 ಡಿಗ್ರಿ. ಗಾಡಿ ಶೆಡ್ಡಿನಲ್ಲಿ ಸುಮ್ಮನೆ ನಿಂತಾಗಲೂ ರಬ್ಬರ್ ಅಷ್ಟು ತಿರುಚಿಯೇ ಇರುತ್ತದೆ. ಅದರ ಮೇಲೆ ದಿನಾ ಗುಂಡಿ. ಸೀಳದೆ ಇನ್ನೇನು?

ಇನ್ನೊಂದು: ‘ಠಕ್’ ಪೂರ್ತಿ ಬುಷ್‌ನದ್ದೇ ಅಂತ ನಂಬಬೇಡಿ. ಚಕ್ರಗಳಿಗೆ ಗಟ್ಟಿಯಾಗಿ ಅಡ್ಡ ಇಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಅತ್ತಿತ್ತ ತಿರುಗಿಸಿ, ಅದರ ತುದಿಯ ಕ್ರಾಸ್‌ನಲ್ಲಿ (ಯೂನಿವರ್ಸಲ್ ಜಾಯಿಂಟ್) ಆಟ ಉಂಟಾ ನೋಡಿ.

ಮುಳ್ಳೇರಿಯ ಫೋರ್ ಬೈ ಫೋರ್
ಬಿಗಿ ಮಾಡಿದ್ದು ತಪ್ಪಿರಬಹುದು, ಒಪ್ಪುತ್ತೇನೆ. ಆದರೆ ಕಂಪನಿ ಆರ್ಮ್‌ನ ಉದ್ದ ಕಂಪನಿ ಎತ್ತರಕ್ಕೆ ಮಾಡಿದ್ದು. ಎತ್ತರಿಸಿದ ಮೇಲೆ ಆಕ್ಸಲ್ ಒಂದು ಬದಿಗೆ ಸರಿಯುತ್ತದೆ, ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಮೂತಿ) ಕೋನವೂ ಬದಲಾಗುತ್ತದೆ. ಮುರಕಲ್ಲಿಗೆ ತಾಗಿ ಕೆಳಗಿನ ಆರ್ಮ್ ಬಗ್ಗಿದರೆ ಮತ್ತೆ ಖರ್ಚು. ದಪ್ಪ ಟ್ಯೂಬಿನ ಅಡ್ಜಸ್ಟೆಬಲ್ ಸೆಟ್ ಹಾಕಿದರೆ ಮೂರಕ್ಕೂ ಪರಿಹಾರ ಸಿಗುತ್ತದೆ.

ಉಪ್ಪಳ ಮಾಷ್ಟ್ರು
ಬದಿಗೆ ಸರಿಯುವುದು ಆರ್ಮ್‌ನಿಂದ ಅಲ್ಲ, ಲ್ಯಾಟರಲ್ ರಾಡ್‌ನಿಂದ. ಎಷ್ಟು ಸರಿಯುತ್ತದೆ ಅಂತ ಲೆಕ್ಕ ಹಾಕಿಯೇ ನೋಡಿ. ರಾಡ್ ಉದ್ದ 1000 ಮಿ.ಮೀ., ಎರಡು ತುದಿಗಳ ಎತ್ತರದ ವ್ಯತ್ಯಾಸ ಮೊದಲು 50, ಈಗ 100 ಅಂತ ಇಟ್ಟುಕೊಳ್ಳಿ. ಅಡ್ಡಳತೆ ಮೊದಲು 998.7, ಈಗ 995.0. ಸರಿದದ್ದು 4 ಮಿ.ಮೀ.ಗೂ ಕಡಿಮೆ, ರಾಡ್ ಚಾಸಿಗೆ ಕೂತ ಬದಿಗೆ. ಮೊದಲೇ ಮಟ್ಟವಾಗಿದ್ದ ರಾಡ್ ಆದರೆ ಒಂದೂಕಾಲು ಮಿ.ಮೀ. ಅಷ್ಟೆ. ಇದಕ್ಕೆ ಬೇಕಾದರೆ ಅಡ್ಜಸ್ಟೆಬಲ್ ರಾಡ್ ಒಂದನ್ನೇ ಹಾಕಬಹುದು. ನಾಲ್ಕು ಆರ್ಮ್ ಬದಲಿಸಿ ಇದು ಸರಿಯಾಗುವುದಿಲ್ಲ.

ಹೊಸಂಗಡಿ ಲೇತ್
ಪಾಲಿ (ಪಾಲಿಯುರೆಥೇನ್) ಬುಷ್ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಲೈವ್ ಆಕ್ಸಲ್‌ನಲ್ಲಿ (ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಸೇರಿದ್ದು) ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಏರಿದಾಗ ಆರ್ಮ್ ಮೇಲೆ ಕೆಳಗೆ ಮಾತ್ರ ಆಡುವುದಲ್ಲ, ಉದ್ದಕ್ಕೆ ಸ್ಕ್ರೂ ತಿರುಗಿದ ಹಾಗೆ ತಿರುಚುತ್ತದೆ. ರಬ್ಬರ್ ಅದಕ್ಕೆ ಬಗ್ಗುತ್ತದೆ. ಪಾಲಿ ಗಟ್ಟಿ, ಬಗ್ಗುವುದಿಲ್ಲ. ಆ ಒತ್ತಡವೆಲ್ಲ ಚಾಸಿಯ ಬ್ರಾಕೆಟ್‌ಗೆ ಹೋಗಿ ವೆಲ್ಡಿಂಗ್ ಪಕ್ಕ ಕೂದಲಿನಷ್ಟು ಸಪೂರದ ಬಿರುಕು ಶುರುವಾಗುತ್ತದೆ. ಪಾಲಿ ಬುಷ್‌ಗೆ ಹಚ್ಚಿದ ಸಿಲಿಕೋನ್ ಗ್ರೀಸ್ ಆರಿದರೆ ಕಿರ್ ಕಿರ್ ಸದ್ದು ಬೇರೆ. ಬುಷ್ ಬದಲಿಗೆ ಬರುವ ಬಾಲ್ ತರಹದ ಜಾಯಿಂಟ್ ಚೆನ್ನಾಗಿ ತಿರುಗುತ್ತದೆ, ಆದರೆ ಕೆಸರು ಹೊಕ್ಕರೆ ಬೇಗ ಸವೆಯುತ್ತದೆ, ರಸ್ತೆಯ ಸದ್ದೆಲ್ಲ ಒಳಗೆ ಕೇಳುತ್ತದೆ.

ಮತ್ತೆ ದಯವಿಟ್ಟು ನೀರಿನ ಪೈಪ್ ಕಡಿದು ಆರ್ಮ್ ಮಾಡಿಸಲು ಯಾರೂ ಹೋಗಬೇಡಿ. ಹಿಂದಿನ ಚಕ್ರಗಳ ಬ್ರೇಕ್ ಬಲ ಪೂರ್ತಿ ಈ ಆರ್ಮ್‌ಗಳ ಮೇಲೆಯೇ ಬೀಳುವುದು. ವೆಲ್ಡ್ ಬಿಟ್ಟರೆ ಆಕ್ಸಲ್ ತಿರುಗಿಬಿಡುತ್ತದೆ.

ಪೆರ್ಲದ ಭಟ್ರು
ವಿಚಾರಿಸಿದೆ, ಆ ದಿನ ಬೋಲ್ಟ್ ಸಡಿಲಿಸಿಯೇ ಇಲ್ಲ. ಕ್ರಾಸ್‌ನಲ್ಲಿ ಆಟ ಇಲ್ಲ. ಅಂದರೆ ಕಂಪನಿ ಆರ್ಮೇ ಹಾಕುವುದು. ಮನೆಯಲ್ಲೇ ಬಿಚ್ಚಬಹುದಾ? ಬೋಲ್ಟ್ ಪೂರ್ತಿ ತುಕ್ಕು.

ಕುಂಬಳೆ ಸ್ಪ್ಯಾನರ್
ಬಿಚ್ಚಬಹುದು, ಆದರೆ ಅಂಗಳದ ಮಣ್ಣಿನಲ್ಲಿ ಬೇಡ, ಸಿಮೆಂಟ್ ನೆಲ ಬೇಕು. ಸ್ಟ್ಯಾಂಡ್ ಬದಲಿಗೆ ಮುರಕಲ್ಲು ಇಡಲೇಬೇಡಿ ಮಾರಾಯ್ರೆ, ಭಾರಕ್ಕೆ ಒಮ್ಮೆಗೇ ಪುಡಿಯಾಗುತ್ತದೆ.

ಗಾಡಿ ಎತ್ತುವ ಮೊದಲು, ದಿನಾ ಇರುವಷ್ಟು ಲೋಡ್ ಇಟ್ಟುಕೊಂಡು, ಹಿಂದಿನ ಚಕ್ರದ ನಡುವಿನಿಂದ ಫೆಂಡರ್ ಅಂಚಿನ ತನಕ ಎರಡೂ ಬದಿ ಅಳೆದು ಬರೆದಿಡಿ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮುಂದಿನ ಚಕ್ರಕ್ಕೆ ಅಡ್ಡ ಇಟ್ಟು, ಚಾಸಿಯ ಕೆಳಗೆ ಎರಡು ಸ್ಟ್ಯಾಂಡ್, ಆಕ್ಸಲ್ ಕೆಳಗೆ ಜಾಕ್. ಒಂದು ಸಲಕ್ಕೆ ಒಂದೇ ಆರ್ಮ್ ಬಿಚ್ಚಿ. ಎರಡು ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಮುಂದೆ ಬಂದು ಬೋಲ್ಟ್ ತೂತು ಸೇರುವುದೇ ಇಲ್ಲ. ಸೇರದಿದ್ದರೆ ಸುತ್ತಿಗೆ ಬೇಡ, ಜಾಕ್ ಅರ್ಧ ಸುತ್ತು ಮೇಲೆ ಕೆಳಗೆ ಮಾಡಿದರೆ ಬೋಲ್ಟ್ ತಾನಾಗಿ ಜಾರುತ್ತದೆ.

ನಟ್ ಬಂದರೂ ಬೋಲ್ಟ್ ಒಳಗಿನ ಕೊಳವೆಗೆ ಅಂಟಿಕೊಂಡು ಬರದೆ ಇರಬಹುದು. ಕಡಲ ಬದಿಯ ಗಾಡಿಗಳಲ್ಲಿ ಇದು ಮಾಮೂಲು. ಆಗ ಬುಷ್‌ಗೂ ಬ್ರಾಕೆಟ್‌ಗೂ ನಡುವೆ ಬ್ಲೇಡ್ ಹಾಕಿ ಕಡಿಯುವುದು, ಬ್ರಾಕೆಟ್‌ಗೆ ಗಾಯ ಆಗಬಾರದು. ಗ್ಯಾಸ್ ಬೆಂಕಿ ಬೇಡ: ಬ್ರೇಕ್ ಪೈಪ್, ಎಬಿಎಸ್ ವಯರ್, ಡೀಸೆಲ್ ಟ್ಯಾಂಕ್ ಎಲ್ಲ ಅಲ್ಲೇ. ಹೊಸ ಬೋಲ್ಟ್, ನಟ್ ಮೊದಲೇ ತರಿಸಿಡಿ. ಹಾಕುವಾಗ, ತುಕ್ಕಿಗೆ ಅಂಟದ ಹಾಗೆ ಹಚ್ಚುವ ಆಂಟಿ-ಸೀಜ್ ಪೇಸ್ಟ್ ಕೊಳವೆಯೊಳಗೆ ಕೂರುವ ನಯವಾದ ಭಾಗಕ್ಕೆ ಮಾತ್ರ. ಥ್ರೆಡ್‌ಗೆ ಹಚ್ಚಿದರೆ ಟಾರ್ಕ್ (ತಿರುಗಿಸುವ ಬಲದ) ಲೆಕ್ಕ ತಪ್ಪಿ ಬೋಲ್ಟ್ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ.

ಎಲ್ಲ ಬೋಲ್ಟ್ ಕೈಬಿಗಿಯಲ್ಲಿಡಿ. ಆಮೇಲೆ ಆಕ್ಸಲ್ ಜಾಕ್ ಎತ್ತಿ, ಬರೆದಿಟ್ಟ ಅಳತೆ ಬಂದಾಗ ಟಾರ್ಕ್ ರೆಂಚ್‌ನಲ್ಲಿ ವರ್ಕ್‌ಶಾಪ್ ಮ್ಯಾನುವಲ್‌ನ ಬಿಗಿ ಕೊಡಿ. ಹತ್ತಿರ ಪಿಟ್ (ಗಾಡಿ ಕೆಳಗೆ ಇಳಿದು ಕೆಲಸ ಮಾಡುವ ಹೊಂಡ) ಇದ್ದರೆ ಇನ್ನೂ ಒಳ್ಳೆಯದು, ಚಕ್ರದ ಮೇಲೆ ನಿಂತ ಗಾಡಿಗೇ ಬಿಗಿ ಮಾಡಬಹುದು. ಬದಲಿಸದ ಮೇಲಿನ ಆರ್ಮ್, ಲ್ಯಾಟರಲ್ ರಾಡ್‌ಗೂ ಇದೇ ಸಡಿಲಿಸಿ ಬಿಗಿಸುವ ಕೆಲಸ ಆಗಲೇಬೇಕು.

ಮುಳ್ಳೇರಿಯ ಫೋರ್ ಬೈ ಫೋರ್
ಮಾಷ್ಟ್ರ ಲೆಕ್ಕ ನೋಡಿದ ಮೇಲೆ ಬದಿಗೆ ಸರಿಯುವ ವಾದ ಬಿಟ್ಟೆ. ಪಿನಿಯನ್ ವಾದ ಬಿಡುವುದಿಲ್ಲ. 80ರ ಮೇಲೆ ಗಾಡಿ ನಡುಗಿದರೆ ಫೋನಿನ ಲೆವೆಲ್ ಆ್ಯಪ್‌ನಲ್ಲಿ ಗೇರ್‌ಬಾಕ್ಸ್ ಕಡೆಯ ಫ್ಲ್ಯಾಂಜ್, ಪಿನಿಯನ್ ಫ್ಲ್ಯಾಂಜ್ ಎರಡರ ಕೋನ ನೋಡಿ. ಎರಡೂ ಸಮಾನಾಂತರ ಇರಬೇಕು, ಒಂದು ಡಿಗ್ರಿ ಆಚೀಚೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಮೇಲಿನ ಎರಡು ಆರ್ಮ್ ಮಾತ್ರ ಅಡ್ಜಸ್ಟೆಬಲ್ ಹಾಕಿ, ರಬ್ಬರ್ ಬುಷ್‌ನದ್ದೇ. ಉದ್ದ ಮಾಡಿದರೆ ಪಿನಿಯನ್ ಮೂತಿ ಮೇಲೆ, ಗಿಡ್ಡ ಮಾಡಿದರೆ ಕೆಳಗೆ. ಎರಡೂ ಬದಿ ಒಂದೇ ಉದ್ದ ಇರಲಿ.

ಆರ್ಮ್‌ಗೆ ಕಲ್ಲು ತಾಗುವುದಕ್ಕೆ ಏನು ಮಾಡುವುದು ಅಂತ ಯಾರೂ ಹೇಳಲಿಲ್ಲ.

ಹೊಸಂಗಡಿ ಲೇತ್
ಕಲ್ಲು ತಾಗದ ಹಾಗೆ ಆರ್ಮ್‌ಗೆ ಉಕ್ಕಿನ ಪಟ್ಟಿ ವೆಲ್ಡ್ ಮಾಡುವ ಯೋಚನೆ ಇದ್ದರೆ ಬುಷ್ ಕೂರಿಸುವ ಮೊದಲೇ ಆಗಬೇಕು, ಬಿಸಿಗೆ ರಬ್ಬರ್ ಕೊಳವೆಯಿಂದ ಬಿಟ್ಟುಬಿಡುತ್ತದೆ. ಕೆಳಭಾಗಕ್ಕೆ 4 ಮಿ.ಮೀ. ಪಟ್ಟಿ, ಉದ್ದಕ್ಕೆ ಬಿಟ್ಟು ಬಿಟ್ಟು ವೆಲ್ಡ್, ಆಮೇಲೆ ಪ್ರೈಮರ್. ಆಗ ಬಿಡಿ ಬುಷ್ ತರಿಸಿ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಹೊರಗಿನ ಕೊಳವೆಯ ಅಂಚಿಗೇ ಒತ್ತಿ ಕೂರಿಸುವುದು, ರಬ್ಬರ್ ಮೇಲೆ ಒತ್ತಬಾರದು. ಬುಷ್‌ನಲ್ಲಿ ಖಾಲಿ ಕಿಂಡಿ ಇದ್ದರೆ ಹಳೆಯದು ಯಾವ ದಿಕ್ಕಿಗಿತ್ತು ಅಂತ ತೆಗೆಯುವ ಮೊದಲೇ ಆರ್ಮ್ ಮೇಲೆ ಗುರುತು ಮಾಡಿ, ಹೊಸತನ್ನೂ ಅದೇ ದಿಕ್ಕಿಗೆ ಕೂರಿಸಿ.

ಪೆರ್ಲದ ಭಟ್ರು
ಪಟ್ಟಿ ಬೇಡ, ಕೆಳಗಿನ ಎರಡು ಆರ್ಮ್ ಬುಷ್ ಸಮೇತ, ಬೋಲ್ಟ್ 4, ನಟ್ 4 ತರಿಸುತ್ತೇನೆ. ಬಿಗಿ ಮಾಡುವುದು ಪಿಟ್‌ನಲ್ಲಿ.

ಕುಂಬಳೆ ಸ್ಪ್ಯಾನರ್
ಆಗಬಹುದು. 500 ಕಿ.ಮೀ. ಆದ ಮೇಲೆ ಬೋಲ್ಟ್‌ಗಳಿಗೆ ಇನ್ನೊಮ್ಮೆ ರೆಂಚ್ ಹಾಕಿ ನೋಡಿ, ಎಬಿಎಸ್ ವಯರ್ ಎಲ್ಲೂ ಎಳೆಯುತ್ತಿಲ್ಲವಾ ಅಂತಲೂ.