ಜಾನ್ ನ್ಯೂಟನ್ ಅವರ ಮನಪರಿವರ್ತನೆ: ಒಂದು ರಾತ್ರಿಯದೇ, ಹಲವು ವರ್ಷಗಳದೇ?

ಪ್ರಶ್ನೆ: 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗುವಂತಾದಾಗ ದೇವರಿಗೆ ಮೊರೆಯಿಟ್ಟ ಇಂಗ್ಲಿಷ್ ನಾವಿಕ ಜಾನ್ ನ್ಯೂಟನ್, ಆ ದಿನವನ್ನು ಜೀವನವಿಡೀ ಕೃತಜ್ಞತೆಯಿಂದ ಸ್ಮರಿಸಿದರು. ಆದರೆ ಆಮೇಲೂ ಅವರು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನರಾಗಿದ್ದರು. ಇದನ್ನು ನಿಜವಾದ ಪರಿವರ್ತನೆ ಎನ್ನಬಹುದೇ?

ಉತ್ತರ 1: ಆ ಹೊತ್ತಿಗೆ ತಾವು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲವೆಂದು ನ್ಯೂಟನ್ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. 1754ರಲ್ಲಿ ಅವರು ಸಮುದ್ರಯಾನ ಬಿಟ್ಟದ್ದು ಕೂಡ ಅನಾರೋಗ್ಯದಿಂದ, ಪಶ್ಚಾತ್ತಾಪದಿಂದಲ್ಲ. ಭಕ್ತಿಕಥೆಗಳಲ್ಲಿ ಈ ಸಂಗತಿಯನ್ನು ಸಾಮಾನ್ಯವಾಗಿ ಮರೆಮಾಚುತ್ತಾರೆ.

ಉತ್ತರ 2: ಮೇಲಿನ ಮಾತು ಸರಿ, ಆದರೆ ಅಲ್ಲಿಗೇ ನಿಲ್ಲಬಾರದು. 1764ರಲ್ಲಿ ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿ ಪಾದ್ರಿಯಾದ ಅವರು, 1785ರಲ್ಲಿ ತಮ್ಮ ಸಲಹೆ ಕೇಳಲು ಬಂದ, ಮುಂದೆ ಗುಲಾಮ ವ್ಯಾಪಾರದ ವಿರುದ್ಧ ಹೋರಾಡಿದ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಅವರಿಗೆ ಸಂಸತ್ತಿನಲ್ಲೇ ಉಳಿದು ಸೇವೆ ಮಾಡುವಂತೆ ಹೇಳಿದರು. 1788ರಲ್ಲಿ, ಅಂದರೆ ಬಿರುಗಾಳಿಯ ನಲವತ್ತು ವರ್ಷಗಳ ನಂತರ, ಗುಲಾಮ ವ್ಯಾಪಾರದಲ್ಲಿ ತಾವು ಕಂಡದ್ದನ್ನೂ ಮಾಡಿದ್ದನ್ನೂ ಬರೆದು ಪ್ರಕಟಿಸಿದರು. ತಪ್ಪೊಪ್ಪಿಗೆ ಬಹಳ ತಡವಾಯಿತೆಂದು ಅವರೇ ಅದರಲ್ಲಿ ನೊಂದುಕೊಂಡಿದ್ದಾರೆ. ನನ್ನ ದೃಷ್ಟಿಯಲ್ಲಿ ಬಿರುಗಾಳಿಗಿಂತ ಈ ಬರಹವೇ ದೊಡ್ಡ ಸಾಕ್ಷ್ಯ.

ಉತ್ತರ 3: ಬೈಬಲ್ಲಿನಲ್ಲಿ, ಕ್ರೈಸ್ತರನ್ನು ಹಿಂಸಿಸುತ್ತಿದ್ದು ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಮನ ಬದಲಿಸಿದ ಸೌಲನೂ (ಮುಂದೆ ಸಂತ ಪೌಲ) ಮೂರು ದಿನ ಕುರುಡನಾಗಿಯೇ ಇದ್ದನು, ಅನನೀಯನೆಂಬ ಶಿಷ್ಯನು ಬಂದು ಕೈಯಿಟ್ಟ ಮೇಲಷ್ಟೇ ಕಣ್ಣು ತೆರೆಯಿತು.